ನಕಲಿನ ಕಾನೂನು ಮತ್ತು ಗಡಿಯ ಕನ್ನಡ ತರಗತಿ



ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡ ಮನೆಯೊಂದರ ಹುಡುಗ ಅಥವಾ ಹುಡುಗಿ ಹನ್ನೆರಡನೆಯ ತರಗತಿ ಮುಗಿಸಿ ಕಾಲೇಜು ಸೇರುವಾಗ ಹಲವು ಕಾಗದಗಳಿಗೆ ಸಹಿ ಹಾಕಬೇಕಾಗುತ್ತದೆ. ಶುಲ್ಕದ ಕಾಗದ, ರ‍್ಯಾಗಿಂಗ್ ಮಾಡುವುದಿಲ್ಲವೆಂಬ ಮುಚ್ಚಳಿಕೆ, ವಿದ್ಯಾರ್ಥಿನಿಲಯದ ನಿಯಮಗಳು. ಇವುಗಳ ನಡುವೆ ಕಾಲೇಜಿನ ಅಂತರಜಾಲದ ಬಳಕೆಗೆ ಸಂಬಂಧಿಸಿದ ಹಾಳೆಯೊಂದೂ ಇರುವುದುಂಟು. ಚಲನಚಿತ್ರ, ಹಾಡು, ತಂತ್ರಾಂಶಗಳ ಅನಧಿಕೃತ ಪ್ರತಿಗಳನ್ನು ಇಳಿಸಿಕೊಳ್ಳಬಾರದು, ಹಂಚಬಾರದು ಎಂಬ ಸಾಲು ಅದರಲ್ಲಿರುತ್ತದೆ. ಓದದೆಯೇ ಸಹಿ ಹಾಕುವ ಕಾಗದಗಳಲ್ಲಿ ಅದೂ ಒಂದು. ಆದರೆ ಆ ಸಾಲಿನ ಹಿಂದೆ ಕಾಲು ಶತಮಾನದ ಜಗಳವಿದೆ, ಕೋರ್ಟಿನ ತೀರ್ಪುಗಳಿವೆ, ಒಂದು ದೇಶದಲ್ಲಂತೂ ವಿಶ್ವವಿದ್ಯಾಲಯಗಳನ್ನೇ ಕಟ್ಟಿಹಾಕಿದ ಕಾನೂನಿದೆ. ಅದನ್ನು ಕನ್ನಡ ಶಾಲೆಯ ಶಿಕ್ಷಕರು ತಿಳಿದಿರಬೇಕಾದದ್ದು ಏಕೆ ಎಂಬುದೇ ಈ ಉಪನ್ಯಾಸದ ವಿಷಯ.

ಅನಧಿಕೃತ ನಕಲಿನ ಅಭ್ಯಾಸ ಹುಟ್ಟುವುದು ಕಾಲೇಜಿನಲ್ಲಲ್ಲ. ಅದು ಪ್ರೌಢಶಾಲೆಯ ವಯಸ್ಸಿನಲ್ಲಿ, ಮನೆಯವರ ಮೊಬೈಲಿನಲ್ಲಿ ಹುಟ್ಟುತ್ತದೆ. ಶುಕ್ರವಾರ ಬಿಡುಗಡೆಯಾದ ಚಿತ್ರ ಭಾನುವಾರದೊಳಗೆ ಯಾವುದೋ ಟೆಲಿಗ್ರಾಂ ಗುಂಪಿನಲ್ಲಿ ಸಿಗುತ್ತದೆ ಎಂಬುದನ್ನು ಮಕ್ಕಳು ಶಿಕ್ಷಕರಿಗಿಂತ ಮೊದಲೇ ಅರಿತಿರುತ್ತಾರೆ. ಗಡಿಯ ಕನ್ನಡ ಮಗುವಿನ ವಿಷಯದಲ್ಲಿ ಇನ್ನೊಂದು ತೊಡಕೂ ಇದೆ. ಪೆನ್ನಾಗರಂ, ಮೆಟ್ಟೂರು, ಧರ್ಮಪುರಿ ಪೇಟೆಗಳ ಚಿತ್ರಮಂದಿರಗಳಿಗೆ ಕನ್ನಡ ಚಿತ್ರ ಬರುವುದು ಅಪರೂಪ. ಅಲ್ಲಿನ ಪುಸ್ತಕದಂಗಡಿಯಲ್ಲಿ ಕನ್ನಡ ಪುಸ್ತಕ ಸಿಗುವುದೂ ಅಷ್ಟೇ ಅಪರೂಪ. ಮನೆಯ ಮಾತು ಮತ್ತು ಶಾಲೆಯ ಪಾಠಗಳ ಆಚೆಗೆ ಆ ಮಗುವಿನ ಕಿವಿಗೆ ಬೀಳುವ ಕನ್ನಡ ಬಹುಪಾಲು ಮೊಬೈಲಿನ ಮೂಲಕವೇ ಬರುತ್ತದೆ. ಕಾನೂನು ಕಣ್ಣಿಟ್ಟಿರುವ ದಾರಿಯೂ ಅದೇ. ಮಗುವನ್ನು ಗದರಿಸಿ ಆ ದಾರಿಯನ್ನು ಮುಚ್ಚಿದರೆ ಇದ್ದ ಅಲ್ಪ ಕನ್ನಡವೂ ಕೈತಪ್ಪುತ್ತದೆ. ಕಂಡೂ ಕಾಣದಂತಿದ್ದರೆ ಕಳವಿಗೆ ಶಾಲೆಯೇ ಒಪ್ಪಿಗೆ ಕೊಟ್ಟಂತಾಗುತ್ತದೆ. ಇವೆರಡರ ನಡುವೆ ಕಾನೂನೇ ಬಿಟ್ಟುಕೊಟ್ಟಿರುವ ಜಾಗ ಎಷ್ಟೆಂಬುದನ್ನು ಅನೇಕ ಶಿಕ್ಷಕರು ಬಲ್ಲವರಲ್ಲ.

ನಕಲಿನಿಂದ ನಷ್ಟ ಯಾರಿಗೆ ಎಂಬುದನ್ನು ಈ ಸೀಮೆಯಲ್ಲಿ ವಿವರಿಸುವುದು ಕಷ್ಟವಲ್ಲ. ಸೇಲಂ ಒಂದು ಕಾಲಕ್ಕೆ ಚಿತ್ರಗಳನ್ನು ನೋಡುವ ಊರಷ್ಟೇ ಆಗಿರದೆ ಚಿತ್ರಗಳನ್ನು ತಯಾರಿಸುವ ಊರೂ ಆಗಿತ್ತು. 1930ರ ದಶಕದಲ್ಲಿ ಟಿ.ಆರ್. ಸುಂದರಂ ಅವರು ಅಲ್ಲಿ ಕಟ್ಟಿದ ಮಾಡರ್ನ್ ಥಿಯೇಟರ್ಸ್ ನೂರಕ್ಕೂ ಹೆಚ್ಚು ಚಿತ್ರಗಳನ್ನು ತಯಾರಿಸಿತು. ಮಲಯಾಳದ ಮೊದಲ ವಾಕ್ಚಿತ್ರ ‘ಬಾಲನ್’ 1938ರಲ್ಲಿ ಬಂದದ್ದು ಈ ಸಂಸ್ಥೆಯಿಂದಲೇ. ತಮಿಳಿನ ಮೊದಲ ವರ್ಣಚಿತ್ರವಾದ 1956ರ ‘ಅಲಿಬಾಬಾವುಮ್ 40 ತಿರುಡರ್‌ಗಳುಮ್’ ಕೂಡ ಇದರದೇ; ನಲವತ್ತು ಕಳ್ಳರ ಕಥೆ ಹೇಳಿದ ಊರಿನಲ್ಲಿ ಇಂದು ಚಿತ್ರದ ಕಳ್ಳತನವನ್ನು ಕುರಿತು ಮಾತನಾಡಬೇಕಾಗಿ ಬಂದಿರುವುದು ವಿನೋದವೇ ಸರಿ. ಏರ್ಕಾಡಿಗೆ ಹೋಗುವ ರಸ್ತೆಯಲ್ಲಿ ಆ ಸಂಸ್ಥೆಯ ಹೆಬ್ಬಾಗಿಲಿನ ಕಮಾನು ಈಗಲೂ ನಿಂತಿದೆ. ಅದರೊಳಗೆ ದುಡಿದವರೆಲ್ಲ ನಾಯಕ ನಟರಾಗಿರಲಿಲ್ಲ. ಬಡಗಿಗಳು, ಬಣ್ಣ ಬಳಿಯುವವರು, ದೀಪ ಹಿಡಿಯುವವರು, ಬಟ್ಟೆ ಹೊಲಿಯುವವರು ದುಡಿದು ಚಿತ್ರ ತಯಾರಾಗುತ್ತಿತ್ತು. ‘ಕೋಟಿಗಟ್ಟಲೆ ಗಳಿಸುವ ನಟನಿಗೆ ಇದರಿಂದೇನು ನಷ್ಟ’ ಎಂದು ಕೇಳುವ ವಿದ್ಯಾರ್ಥಿಗೆ ಆ ಕಮಾನನ್ನು ತೋರಿಸಿ ಉತ್ತರಿಸಬಹುದು.

ಅದಕ್ಕಿಂತಲೂ ಹತ್ತಿರದ ಉದಾಹರಣೆ ಮಗ್ಗದ ಮನೆಯದು. ಸೇಲಂನ ದೇವಾಂಗ ನೇಕಾರರಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳು ಬಹಳ. ಕೈಮಗ್ಗದಲ್ಲಿ ದಿನಗಟ್ಟಲೆ ಕೂತು ನೇಯ್ದ ಅಂಚು, ಸೆರಗುಗಳನ್ನು ವಿದ್ಯುತ್ ಮಗ್ಗ ಗಂಟೆಗಳಲ್ಲಿ ನಕಲು ಮಾಡಿ ಅಗ್ಗಕ್ಕೆ ಮಾರಿದಾಗ ಏನಾಗುತ್ತದೆಂಬುದನ್ನು ಆ ಮನೆಯ ಮಗುವಿಗೆ ಪಾಠ ಹೇಳಿ ತಿಳಿಸಬೇಕಾಗಿಲ್ಲ. 1985ರಲ್ಲಿ ಕೇಂದ್ರ ಸರ್ಕಾರ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ ತಂದದ್ದು ಇದೇ ಸಂಕಟದಿಂದ. ಹಾಡು ಕಟ್ಟಿದವನೂ ನೇಕಾರನೂ ಈ ಮಟ್ಟಿಗೆ ಒಂದೇ ದೋಣಿಯಲ್ಲಿದ್ದಾರೆ. ಕನ್ನಡದಂಥ ಸಣ್ಣ ಮಾರುಕಟ್ಟೆಯ ಚಿತ್ರ, ಧ್ವನಿಸುರುಳಿಗಳಿಗೆ ಆಗುವ ಪೆಟ್ಟು ದೊಡ್ಡ ಭಾಷೆಗಳ ಚಿತ್ರಗಳಿಗೆ ಆಗುವುದಕ್ಕಿಂತ ಹೆಚ್ಚು ಆಳವಾದದ್ದು.

ಇನ್ನು ವಿಶ್ವವಿದ್ಯಾಲಯಗಳ ಮೇಲೆ ಕಾನೂನಿನ ಒತ್ತಡ ಬಿದ್ದ ಕಥೆ. ಅದು ನಡೆದದ್ದು ಅಮೆರಿಕದಲ್ಲಿ. 1999ರಲ್ಲಿ ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಶಾನ್ ಫ್ಯಾನಿಂಗ್ ಎಂಬ ಹುಡುಗ ನ್ಯಾಪ್‌ಸ್ಟರ್ ಎಂಬ ತಂತ್ರಾಂಶವನ್ನು ರೂಪಿಸಿದ. ಒಬ್ಬರ ಕಂಪ್ಯೂಟರಿನಲ್ಲಿರುವ ಹಾಡನ್ನು ಇನ್ನೊಬ್ಬರು ನೇರವಾಗಿ ಪಡೆದುಕೊಳ್ಳುವ ವ್ಯವಸ್ಥೆ ಅದು. ಮನೆಗಳಲ್ಲಿ ಅಂತರಜಾಲ ಇನ್ನೂ ಆಮೆಯಂತೆ ತೆವಳುತ್ತಿದ್ದ ಕಾಲದಲ್ಲಿ ವೇಗದ ಸಂಪರ್ಕವಿದ್ದದ್ದು ವಿದ್ಯಾರ್ಥಿನಿಲಯಗಳಲ್ಲಿ. ಆದ್ದರಿಂದ ನ್ಯಾಪ್‌ಸ್ಟರ್ ಕಾಡ್ಗಿಚ್ಚಿನಂತೆ ಹಬ್ಬಿದ್ದು ಅಲ್ಲಿ. 2000ದ ಏಪ್ರಿಲ್‌ನಲ್ಲಿ ಮೆಟಾಲಿಕಾ ಎಂಬ ಸಂಗೀತ ತಂಡ ನ್ಯಾಪ್‌ಸ್ಟರ್ ಮೇಲೆ ದಾವೆ ಹೂಡಿದಾಗ ಅದರೊಡನೆ ಯೇಲ್, ಇಂಡಿಯಾನಾ, ದಕ್ಷಿಣ ಕ್ಯಾಲಿಫೋರ್ನಿಯಾ ಎಂಬ ಮೂರು ವಿಶ್ವವಿದ್ಯಾಲಯಗಳನ್ನೂ ಪ್ರತಿವಾದಿಗಳನ್ನಾಗಿ ಮಾಡಿತು. ಯೇಲ್ ಮತ್ತು ಇಂಡಿಯಾನಾ ವಿಶ್ವವಿದ್ಯಾಲಯಗಳು ಕೂಡಲೇ ನ್ಯಾಪ್‌ಸ್ಟರನ್ನು ತಡೆದು ದಾವೆಯಿಂದ ಹೊರಬಂದವು. ಬೆದರಿಸಿದರೆ ವಿದ್ಯಾಸಂಸ್ಥೆ ಬಗ್ಗುತ್ತದೆ ಎಂಬುದು ಆ ಘಟನೆಯಿಂದ ಉದ್ಯಮಕ್ಕೆ ಮನದಟ್ಟಾಯಿತು.

ಮುಂದಿನ ಹೆಜ್ಜೆ ವಿದ್ಯಾರ್ಥಿಗಳ ಮೇಲೆ. 2003ರಲ್ಲಿ ಧ್ವನಿಮುದ್ರಣ ಕಂಪನಿಗಳು ನಾಲ್ವರು ಕಾಲೇಜು ವಿದ್ಯಾರ್ಥಿಗಳ ಮೇಲೆ ಮೊಕದ್ದಮೆ ಹಾಕಿದವು. ಪ್ರತಿಯೊಬ್ಬರೂ ಹನ್ನೆರಡು ಸಾವಿರಕ್ಕಿಂತ ಕಡಿಮೆಯಿಲ್ಲದಷ್ಟು ಡಾಲರ್ ತೆರಲು ಒಪ್ಪಿ ರಾಜಿಯಾದರು. 2007ರ ಫೆಬ್ರವರಿಯಲ್ಲಿ ಅವೇ ಕಂಪನಿಗಳ ಸಂಘ 13 ವಿಶ್ವವಿದ್ಯಾಲಯಗಳಿಗೆ 400 ಪತ್ರಗಳನ್ನು ಕಳುಹಿಸಿ, ಅವುಗಳನ್ನು ಸಂಬಂಧಪಟ್ಟ ವಿದ್ಯಾರ್ಥಿಗಳಿಗೆ ತಲುಪಿಸಬೇಕೆಂದು ಕೇಳಿತು. ದಂಡ ಕೊಡಿ, ಇಲ್ಲವೇ ಕೋರ್ಟಿಗೆ ಬನ್ನಿ ಎಂಬುದು ಪತ್ರದ ಸಾರ. ಹಲವು ವಿಶ್ವವಿದ್ಯಾಲಯಗಳು ಅಂಚೆಯವನ ಕೆಲಸ ಮಾಡಿದವು; ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಮಾತ್ರ ಕೋರ್ಟಿನ ಆದೇಶವಿಲ್ಲದೆ ಪತ್ರಗಳನ್ನು ಮುಂದೆ ಕಳುಹಿಸಲು ಒಪ್ಪಲಿಲ್ಲ. 2009ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಒಬ್ಬ ಸಂಶೋಧನಾ ವಿದ್ಯಾರ್ಥಿಗೆ 30 ಹಾಡುಗಳ ಲೆಕ್ಕದಲ್ಲಿ 6,75,000 ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪುಗಾರರ ಮಂಡಳಿ ವಿಧಿಸಿತು. ಒಂದು ಹಾಡಿಗೆ ಇಪ್ಪತ್ತೆರಡೂವರೆ ಸಾವಿರ ಡಾಲರ್! ಮೇಲ್ಮನವಿಯಲ್ಲೂ ಆ ಮೊತ್ತವೇ ಉಳಿಯಿತು.

ಇಷ್ಟರ ನಡುವೆ ಕಾನೂನು ಬಂತು. 2008ರ ಆಗಸ್ಟ್ 14ರಂದು ಸಹಿಯಾದ ಅಮೆರಿಕದ ಉನ್ನತ ಶಿಕ್ಷಣ ಅವಕಾಶ ಕಾಯ್ದೆ ಸಾವಿರಕ್ಕೂ ಹೆಚ್ಚು ಪುಟಗಳ ದೊಡ್ಡ ಶಾಸನ. ಅದರ ಒಂದು ಮೂಲೆಯಲ್ಲಿ ಈ ವಿಷಯವಿದೆ. ಪ್ರತಿವರ್ಷವೂ ಕೃತಿಸ್ವಾಮ್ಯದ ಉಲ್ಲಂಘನೆಗೆ ಇರುವ ಶಿಕ್ಷೆಯನ್ನು ವಿದ್ಯಾರ್ಥಿಗಳಿಗೆ ತಿಳಿಸಬೇಕು. ಅನಧಿಕೃತ ಹಂಚಿಕೆಯನ್ನು ತಡೆಯುವ ಲಿಖಿತ ಯೋಜನೆ ಇರಬೇಕು, ಅದರಲ್ಲಿ ಒಂದಾದರೂ ತಾಂತ್ರಿಕ ತಡೆ ಸೇರಿರಬೇಕು. ಸಾಧ್ಯವಾದ ಮಟ್ಟಿಗೆ ನ್ಯಾಯಬದ್ಧವಾದ ಪರ್ಯಾಯಗಳನ್ನೂ ತೋರಿಸಬೇಕು. ಇವನ್ನು ಪಾಲಿಸುವುದು ಕೇಂದ್ರ ಸರ್ಕಾರದ ವಿದ್ಯಾರ್ಥಿ ಧನಸಹಾಯ ಯೋಜನೆಯಲ್ಲಿ ಸೇರಿರುವುದಕ್ಕೆ ಒಂದು ಷರತ್ತಾಯಿತು. ಕೆಲವರು ಹಾಡು ಕದ್ದದ್ದಕ್ಕೂ ಬಡ ವಿದ್ಯಾರ್ಥಿಯ ಸಾಲ, ಸಹಾಯಧನಕ್ಕೂ ಗಂಟು ಹಾಕಿದ ಶಾಸನವಿದು. 2010ರ ಜುಲೈ 1ರಿಂದ ಅದರ ನಿಯಮಗಳು ಜಾರಿಗೆ ಬಂದವು.

ಈ ಶಾಸನಕ್ಕೆ ಒತ್ತಾಯಿಸುವಾಗ ಚಲನಚಿತ್ರೋದ್ಯಮ ಮುಂದಿಟ್ಟ ಅಂಕಿಯೊಂದು ಗಣಿತ ಶಿಕ್ಷಕರಿಗೆ ಉಪಯುಕ್ತವಾದ ಪಾಠ. ಉದ್ಯಮದ ದೇಶೀಯ ನಷ್ಟದಲ್ಲಿ ಶೇಕಡ 44ರಷ್ಟಕ್ಕೆ ಕಾಲೇಜು ವಿದ್ಯಾರ್ಥಿಗಳೇ ಕಾರಣ ಎಂದು ಅದು ಹೇಳಿಕೊಂಡು ಬಂದಿತ್ತು. 2008ರ ಜನವರಿಯಲ್ಲಿ ಅದೇ ಸಂಘ ಲೆಕ್ಕ ತಪ್ಪಾಗಿತ್ತೆಂದೂ ಸರಿಯಾದ ಸಂಖ್ಯೆ ಶೇಕಡ 15ರ ಸುಮಾರೆಂದೂ ಒಪ್ಪಿಕೊಂಡಿತು. ಅಷ್ಟರಲ್ಲೂ ಹೆಚ್ಚಿನ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಆವರಣದ ಹೊರಗೆ ವಾಸಿಸುವವರು; ಅವರ ಮೇಲೆ ಸಂಸ್ಥೆಯ ಅಂತರಜಾಲಕ್ಕೆ ಹಿಡಿತವೇ ಇಲ್ಲ. ಅಂಕಿ ಕುಸಿದರೂ ಅದರ ಮೇಲೆ ಕಟ್ಟಿದ ಶಾಸನ ಕುಸಿಯಲಿಲ್ಲ. ಮಕ್ಕಳು ಹಾಡು ಕದಿಯುವುದನ್ನು ಕಡಿಮೆ ಮಾಡಿದ್ದು ಈ ಕಾನೂನಿಗಿಂತ ಹೆಚ್ಚಾಗಿ ಅಗ್ಗದ ದರದಲ್ಲಿ ನ್ಯಾಯವಾಗಿ ಹಾಡು ಕೇಳುವ ಸೇವೆಗಳೇ ಎನ್ನಬೇಕು. ವಿದ್ಯಾಸಂಸ್ಥೆಯನ್ನು ಪೊಲೀಸ್ ಠಾಣೆ ಮಾಡಿದಲ್ಲಿ ಕಲಿಕೆಯೂ ಬೆಳೆಯದು, ಕಳವೂ ನಿಲ್ಲದು.

ಭಾರತದಲ್ಲಿ ವಿಶ್ವವಿದ್ಯಾಲಯಗಳ ಮೇಲೆ ಇಂಥ ಹೊರೆ ಹೊರಿಸಿದ ಶಾಸನವಿಲ್ಲ. ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜಾಗಲಿ ಬೆಂಗಳೂರಿನ ಕಾಲೇಜಾಗಲಿ ಈ ವಿಷಯದಲ್ಲಿ ನಿಯಮ ಮಾಡಿಕೊಂಡಿದ್ದರೆ ಅದು ತನ್ನ ಎಚ್ಚರಿಕೆಗಾಗಿ ಮಾಡಿಕೊಂಡದ್ದು. ಇಲ್ಲಿನ ಕಾನೂನು ಬೇರೆ ಕಡೆ ಬಿಗಿಯಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೆಯ ಪ್ರಕರಣದಂತೆ ತಿಳಿದೂ ಉಲ್ಲಂಘಿಸುವವರಿಗೆ ಮಾತ್ರವಲ್ಲದೆ ಅದಕ್ಕೆ ಕುಮ್ಮಕ್ಕು ಕೊಡುವವರಿಗೂ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆ, 50,000ದಿಂದ 2,00,000 ರೂಪಾಯಿಗಳವರೆಗೆ ದಂಡ ಉಂಟು. ವ್ಯಾಪಾರದ ಲಾಭಕ್ಕಾಗಿ ಮಾಡದಿದ್ದಲ್ಲಿ ಕಾರಣಗಳನ್ನು ದಾಖಲಿಸಿ ಶಿಕ್ಷೆಯನ್ನು ಇಳಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಆದರೆ ಈ ಅಪರಾಧ ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದಾದದ್ದು, ಜಾಮೀನುರಹಿತವಾದದ್ದು ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿದೆ. ‘ಕುಮ್ಮಕ್ಕು’ ಎಂಬ ಪದವನ್ನು ವಿದ್ಯಾರ್ಥಿಗಳ ಗಮನಕ್ಕೆ ತರುವುದು ಒಳ್ಳೆಯದು. ಕದ್ದ ಚಿತ್ರದ ಕೊಂಡಿಯನ್ನು ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕುವವನು ತಾನೇನೂ ಮಾಡಿಲ್ಲ ಎಂದುಕೊಂಡಿರುತ್ತಾನೆ.

ತಮಿಳುನಾಡು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಗೂಂಡಾ ಕಾಯ್ದೆ ಎಂದೇ ಹೆಸರಾದ 1982ರ 14ನೆಯ ಕಾಯ್ದೆಗೆ 2004ರಲ್ಲಿ ‘ವಿಡಿಯೊ ಕಳ್ಳ’ರನ್ನೂ ಸೇರಿಸಲಾಯಿತು. ವಿಚಾರಣೆಗೆ ಮೊದಲೇ ಹನ್ನೆರಡು ತಿಂಗಳವರೆಗೆ ಬಂಧನದಲ್ಲಿಡಬಹುದಾದ ಕಾಯ್ದೆ ಅದು. ಕರ್ನಾಟಕದ ಇಂಥದೇ 1985ರ ಕಾಯ್ದೆಯೂ ಆಡಿಯೊ, ವಿಡಿಯೊ ಕಳವನ್ನು ಒಳಗೊಂಡಿದೆ. ಹೊಗೇನಕಲ್ಲಿನ ಬಳಿ ಕಾವೇರಿಯ ಈ ದಡದಲ್ಲಿದ್ದರೂ ಆ ದಡದಲ್ಲಿದ್ದರೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಈ ಕಾಯ್ದೆಗಳು ಗುರಿಯಿಟ್ಟದ್ದು ದಂಧೆಗಾರರ ಮೇಲೆ. ಆದರೂ ಹಾಡಿನ ನಕಲನ್ನೂ ಗೂಂಡಾಗಿರಿಯನ್ನೂ ಒಂದೇ ಸೂರಿನಡಿ ತಂದದ್ದು ಅತಿಯಾಯಿತೆಂಬ ಮಾತನ್ನು ತಳ್ಳಿಹಾಕಲಾಗದು. 2023ರಲ್ಲಿ ತಿದ್ದುಪಡಿಯಾದ ಚಲನಚಿತ್ರ ಕಾಯ್ದೆ ಚಿತ್ರಮಂದಿರದೊಳಗೆ ಮೊಬೈಲ್ ಹಿಡಿದು ಚಿತ್ರವನ್ನು ಮುದ್ರಿಸಿಕೊಳ್ಳುವುದನ್ನೇ ಪ್ರತ್ಯೇಕ ಅಪರಾಧವನ್ನಾಗಿ ಮಾಡಿದೆ. ಮೂರು ತಿಂಗಳಿಂದ ಮೂರು ವರ್ಷ ಸೆರೆ, ಮೂರು ಲಕ್ಷ ರೂಪಾಯಿಗಳಿಂದ ಆರಂಭವಾಗುವ ದಂಡ.

ಅತಿಯಾದ ಬಿಗಿ ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ತಮಿಳುನಾಡಿನದೇ ಒಂದು ನಿದರ್ಶನವಿದೆ. 2012ರಲ್ಲಿ ‘ಕೊಲವೆರಿ’ ಹಾಡಿನಿಂದ ಹೆಸರಾಗಿದ್ದ ‘3’ ಎಂಬ ತಮಿಳು ಚಿತ್ರದ ನಕಲನ್ನು ತಡೆಯಲು ಮದ್ರಾಸ್ ಹೈಕೋರ್ಟ್ ಅಂತರಜಾಲ ಕಂಪನಿಗಳಿಗೆ ಆದೇಶ ನೀಡಿತು. ಕಂಪನಿಗಳು ಆ ಚಿತ್ರದ ಪುಟಗಳನ್ನಷ್ಟೇ ತಡೆಯುವ ಬದಲು ಇಡೀ ಜಾಲತಾಣಗಳನ್ನೇ ಮುಚ್ಚಿದವು. ಜನ ತಾವೇ ತೆಗೆದ ಚಿತ್ರಗಳನ್ನು ಹಾಕುವ ವಿಮಿಯೊ ಎಂಬ ತಾಣವೂ ಅದರಲ್ಲಿ ಸಿಕ್ಕಿಕೊಂಡಿತು. ಆ ವರ್ಷದ ಜೂನ್‌ನಲ್ಲಿ ಹೈಕೋರ್ಟೇ ತನ್ನ ಆದೇಶ ನಿರ್ದಿಷ್ಟ ಪುಟಗಳಿಗೆ ಮಾತ್ರ ಅನ್ವಯಿಸುತ್ತದೆಂದು ಸ್ಪಷ್ಟಪಡಿಸಬೇಕಾಯಿತು.

ಭಾರತದಲ್ಲಿ ವಿಶ್ವವಿದ್ಯಾಲಯವೊಂದು ನಕಲಿನ ಕಾರಣಕ್ಕೆ ಕೋರ್ಟಿನಲ್ಲಿ ನಿಂತ ಹೆಸರಾಂತ ಪ್ರಕರಣದಲ್ಲಿ ವಿವಾದವಿದ್ದದ್ದು ಹಾಡಿಗಾಗಲಿ ಚಿತ್ರಕ್ಕಾಗಲಿ ಅಲ್ಲ, ಜೆರಾಕ್ಸ್ ಪುಟಗಳಿಗೆ. 2012ರ ಆಗಸ್ಟ್‌ನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳ ಮುದ್ರಣಾಲಯಗಳೂ ಟೇಲರ್ ಅಂಡ್ ಫ್ರಾನ್ಸಿಸ್ ಸಂಸ್ಥೆಯೂ ದೆಹಲಿ ವಿಶ್ವವಿದ್ಯಾಲಯದ ಮೇಲೆ, ಅದರ ಆವರಣದಲ್ಲಿದ್ದ ಜೆರಾಕ್ಸ್ ಅಂಗಡಿಯ ಮೇಲೆ ದಾವೆ ಹೂಡಿದವು. ಪಠ್ಯಕ್ರಮದಂತೆ ಬೇರೆ ಬೇರೆ ಪುಸ್ತಕಗಳ ಅಧ್ಯಾಯಗಳನ್ನು ನಕಲಿಸಿ, ಹೊಲಿದು, ಅಂಗಡಿ ವಿದ್ಯಾರ್ಥಿಗಳಿಗೆ ಮಾರುತ್ತಿತ್ತು. 2016ರ ಸೆಪ್ಟೆಂಬರ್ 16ರಂದು ದೆಹಲಿ ಹೈಕೋರ್ಟ್ ದಾವೆಯನ್ನು ವಜಾ ಮಾಡಿತು. ಕೃತಿಸ್ವಾಮ್ಯ ನಿಸರ್ಗದತ್ತವಾದ ಪರಿಪೂರ್ಣ ಒಡೆತನವಲ್ಲ, ಸಮಾಜದ ಬೌದ್ಧಿಕ ಸಮೃದ್ಧಿಗಾಗಿ ಶಾಸನ ಕೊಟ್ಟ ಹಕ್ಕು ಎಂಬುದು ಆ ತೀರ್ಪಿನ ಧಾಟಿ. ಅದೇ ಡಿಸೆಂಬರ್‌ನಲ್ಲಿ ವಿಭಾಗೀಯ ಪೀಠವೂ ಬೋಧನೆಯ ಉದ್ದೇಶಕ್ಕೆ ಬೇಕಾದಷ್ಟನ್ನು ನಕಲಿಸಬಹುದೆಂಬ ತತ್ತ್ವವನ್ನು ಎತ್ತಿಹಿಡಿದು, ಆ ಉದ್ದೇಶಕ್ಕೆ ಅಷ್ಟು ಬೇಕಿತ್ತೇ ಎಂಬ ಪ್ರಶ್ನೆಯನ್ನು ಮಾತ್ರ ವಿಚಾರಣೆಗೆ ಕಳುಹಿಸಿತು. 2017ರ ಮಾರ್ಚ್‌ನಲ್ಲಿ ಪ್ರಕಾಶಕರು ದಾವೆಯನ್ನು ಹಿಂತೆಗೆದುಕೊಂಡರು.

ಆ ತೀರ್ಪು ನಿಂತದ್ದು ಕಾಯ್ದೆಯ 52ನೆಯ ಪ್ರಕರಣದ ಮೇಲೆ. ಗಡಿಯ ಕನ್ನಡ ಶಿಕ್ಷಕರು ನೆನಪಿಡಬೇಕಾದ ಪ್ರಕರಣವೂ ಅದೇ. ಬೋಧನೆಯ ಸಂದರ್ಭದಲ್ಲಿ ಶಿಕ್ಷಕರಾಗಲಿ ವಿದ್ಯಾರ್ಥಿಯಾಗಲಿ ಕೃತಿಯನ್ನು ನಕಲಿಸಿದರೆ ಅದು ಉಲ್ಲಂಘನೆಯಲ್ಲ. ಪ್ರಶ್ನೆಪತ್ರಿಕೆಯಲ್ಲಿ ಬಳಸಿದರೂ ಅಲ್ಲ. ಕರ್ನಾಟಕದಿಂದ ತರಿಸಿದ ಒಂದೇ ಪುಸ್ತಕದಿಂದ ಪಾಠಕ್ಕೆ ಬೇಕಾದ ಪುಟಗಳನ್ನು ಜೆರಾಕ್ಸ್ ಮಾಡಿ ಮೂವತ್ತು ಮಕ್ಕಳಿಗೆ ಕೊಡುವ ಶಿಕ್ಷಕಿ ಕದ್ದುಮುಚ್ಚಿ ಮಾಡಬೇಕಾದ ಕೆಲಸವೇನೂ ಅದಲ್ಲ. ಅದೇ ಪ್ರಕರಣದ ಮುಂದಿನ ಉಪಖಂಡದಂತೆ ಶಾಲೆಯ ಚಟುವಟಿಕೆಯ ಭಾಗವಾಗಿ ಶಿಕ್ಷಕರು, ಮಕ್ಕಳು ಹಾಡನ್ನು ಹಾಡಬಹುದು, ನಾಟಕ ಆಡಬಹುದು. ಚಲನಚಿತ್ರವನ್ನು ತೋರಿಸಬಹುದು, ಧ್ವನಿಮುದ್ರಿಕೆಯನ್ನು ಕೇಳಿಸಬಹುದು. ಚಿತ್ರ ಮತ್ತು ಧ್ವನಿಮುದ್ರಿಕೆಗಳ ವಿಷಯದಲ್ಲಿ ಪ್ರೇಕ್ಷಕರು ಶಿಕ್ಷಕರು, ಮಕ್ಕಳು, ಪೋಷಕರು ಹಾಗೂ ಆ ಚಟುವಟಿಕೆಗೆ ನೇರವಾಗಿ ಸಂಬಂಧಪಟ್ಟವರು ಮಾತ್ರ ಆಗಿರಬೇಕು. ಪರಾಯ ಭಾಷೆಯ ಊರಿನಲ್ಲಿ ಒಂದು ಕನ್ನಡ ಚಿತ್ರವನ್ನು ಶಾಲೆಯ ಗೋಡೆಯ ಮೇಲೆ ಮಕ್ಕಳಿಗೆ ತೋರಿಸಲು ಕಾನೂನು ಅಡ್ಡಿಯಲ್ಲ. ಆ ಅವಕಾಶವನ್ನು ಬಳಸಿಕೊಳ್ಳದಿರುವುದೇ ದೊಡ್ಡ ನಷ್ಟ.

ಈ ವಿನಾಯಿತಿಗೆ ಅಂಚುಗಳಿವೆ. ಪ್ರದರ್ಶನಕ್ಕೆ ಅನುಮತಿ ಇದೆಯೆಂದ ಮಾತ್ರಕ್ಕೆ ಕಳ್ಳತಾಣದಿಂದ ಚಿತ್ರವನ್ನು ಇಳಿಸಿ ತರುವುದಕ್ಕೆ ಅದು ಪರವಾನಗಿಯಲ್ಲ. ವಾರ್ಷಿಕೋತ್ಸವದಲ್ಲಿ ಮಕ್ಕಳು ಚಿತ್ರಗೀತೆಗೆ ಕುಣಿಯುವುದು ಬೇರೆ, ಆ ನೃತ್ಯದ ವಿಡಿಯೊವನ್ನು ಯೂಟ್ಯೂಬಿಗೆ ಏರಿಸುವುದು ಬೇರೆ; ಹಾಡಿನ ಹಕ್ಕುದಾರರು ಆಕ್ಷೇಪವೆತ್ತಿದರೆ ಆಶ್ಚರ್ಯವಿಲ್ಲ. ಅಧ್ಯಾಯದ ಬದಲು ಇಡೀ ಕಾದಂಬರಿಯನ್ನು ಸ್ಕ್ಯಾನ್ ಮಾಡಿ ಜಿಲ್ಲೆಯ ಶಿಕ್ಷಕರ ಗುಂಪಿಗೆಲ್ಲ ಹಂಚುವುದು ಬೋಧನೆಯ ಸಂದರ್ಭವೆನಿಸುವುದು ಕಷ್ಟ. ಕನ್ನಡ ಲೇಖಕನಿಗೆ ಸಿಗುವ ಗೌರವಧನ ಎಷ್ಟೆಂಬುದು ಗೊತ್ತಿರುವವರು ಇಂಥ ಹಂಚಿಕೆಗೆ ಕೈಹಾಕಲಾರರು.

ಯಾರ ಅನುಮತಿಯೂ ಬೇಡದ ಕನ್ನಡವೂ ಸಾಕಷ್ಟಿದೆ ಎಂಬುದನ್ನು ಮರೆಯಬಾರದು. ಭಾರತದಲ್ಲಿ ಲೇಖಕ ತೀರಿಕೊಂಡ ಮರುವರ್ಷದ ಆರಂಭದಿಂದ ಅರವತ್ತು ವರ್ಷ ಕೃತಿಸ್ವಾಮ್ಯ ಇರುತ್ತದೆ. ಮೊದಲು ಅದು ಐವತ್ತೇ ಇತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ 1991ಕ್ಕೆ ಮುಗಿಯುವ ಹೊತ್ತಿಗೆ ಹತ್ತು ವರ್ಷ ಕೂಡಿಸಲಾಯಿತು. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು, 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯ ಮತ್ತು ಟಿ.ಪಿ. ಕೈಲಾಸಂ, ಇವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳನ್ನು ಶಾಲೆ ಅಚ್ಚು ಹಾಕಬಹುದು, ಧ್ವನಿಮುದ್ರಿಸಬಹುದು, ಅಂತರಜಾಲದಲ್ಲಿ ಹಂಚಬಹುದು. ಮಂಜೇಶ್ವರದ ಗೋವಿಂದ ಪೈ ಅವರೂ ಗಡಿಯ ಕನ್ನಡಿಗರೇ. 1963ರಲ್ಲಿ ತೀರಿಕೊಂಡ ಅವರ ಪ್ರಕಟಿತ ಕೃತಿಗಳು 2024ರ ಜನವರಿ 1ರಿಂದ ಎಲ್ಲರವೂ ಆಗಿವೆ. ಮಕ್ಕಳೇ ಹಾಡಿ ಮುದ್ರಿಸಿದ ಪಂಜೆಯವರ ಶಿಶುಗೀತೆಗಳ ಒಂದು ಸಂಚಿಕೆ ಮನೆಮನೆಯ ಮೊಬೈಲಿಗೆ ಹೋದರೆ ಯಾವ ಕಾಯ್ದೆಯೂ ಬೆನ್ನಟ್ಟಿ ಬರುವುದಿಲ್ಲ.

ಜಿ.ಪಿ. ರಾಜರತ್ನಂ ಅವರದು ಬೇರೆ ಲೆಕ್ಕ. ಅವರು ತೀರಿಕೊಂಡದ್ದು 1979ರಲ್ಲಿ. ಅವರ ಪದ್ಯಗಳು ಮುಕ್ತವಾಗುವುದು 2040ರ ಜನವರಿ 1ರಂದು. ತರಗತಿಯಲ್ಲಿ ಅವನ್ನು ಇಂದೇ ಹಾಡಿಸಬಹುದು, ಕಪ್ಪುಹಲಗೆಯ ಮೇಲೆ ಬರೆಯಬಹುದು, ಪಾಠಕ್ಕಾಗಿ ನಕಲಿಸಿಯೂ ಕೊಡಬಹುದು. ಶಾಲೆಯ ಸ್ಮರಣಸಂಚಿಕೆಯಲ್ಲಿ ಅಚ್ಚು ಹಾಕಿ ಮಾರುವುದಾದರೆ ಮಾತ್ರ ಹಕ್ಕುದಾರರಿಗೆ ಪತ್ರ ಬರೆದು ಅನುಮತಿ ಕೇಳಬೇಕು. ಆ ಪತ್ರವನ್ನು ಎಂಟನೆಯ ತರಗತಿಯ ಪತ್ರಲೇಖನದ ಅಭ್ಯಾಸವಾಗಿ ಮಕ್ಕಳಿಂದಲೇ ಬರೆಸಬಹುದು.